ಬಳ್ಳಾರಿಯ ಎಸಿ ಹಾಲ್‌ನಲ್ಲಿ ಬೆಕ್ಕಿನ ಮುಖದ ಸಪ್ಲೈಯರ್

ಹೋಟೆಲ್ ಹೆಸರು ಬರೆಯಲ್ಲ. ಯಾಕೆ ಅನ್ನೋದು ಕೊನೆಯವರೆಗೆ ಓದಿದರೆ ಗೊತ್ತಾಗುತ್ತದೆ. ಬಳ್ಳಾರಿಯಲ್ಲೇ ಇದೆ. ಮೇಲೆ ಲಾಡ್ಜು, ಕೆಳಗೆ ಎರಡು ಹಾಲ್. ಒಂದು ಸಾದಾ, ಇನ್ನೊಂದು ಎಸಿ. ಆ ಎಸಿ ಹಾಲ್‌ನಲ್ಲಿ ನಾಲ್ಕು ತಿಂಗಳಿಂದ ಊಟ ತರುತ್ತಿರುವುದು ಒಂದು ರೋಬೋ.

ನಾನು ಈಗ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುತ್ತೇನೆ. ಆದರೆ 1979ರಲ್ಲಿ, 13ನೇ ವಯಸ್ಸಿಗೆ, ಹೋಟೆಲ್ ಸೇರಿದವನು. ಎರಡು ವರ್ಷ ಕ್ಲೀನರ್. ಅಂದರೆ ಬರೀ ಎಂಜಲು ಲೋಟ, ಎಂಜಲು ತಟ್ಟೆ, ಒದ್ದೆ ಬಟ್ಟೆ. ಆಮೇಲೆ ಒಂಬತ್ತು ವರ್ಷ ಸಪ್ಲೈಯರ್. ಎಡಗೈ ಮೇಲೆ ಐದು ಪ್ಲೇಟು ಜೋಡಿಸಿಕೊಂಡು, ಬಲಗೈಯಲ್ಲಿ ಸಾಂಬಾರ್ ಬಕೆಟ್ ಹಿಡಿದು ಓಡಾಡಿದ್ದೇನೆ. ಹಾಗಾಗಿ ಯಾವ ಹೋಟೆಲ್‌ಗೆ ಹೋದರೂ ನನ್ನ ಕಣ್ಣು ಮೆನು ಕಾರ್ಡಿನ ಮೇಲೆ ಇರಲ್ಲ. ಬಡಿಸುವವರ ಕೈ ಮೇಲೆ ಇರುತ್ತದೆ.

ಈ ಸಲ ನೋಡೋಕೆ ಕೈಯೇ ಇರಲಿಲ್ಲ.

ಮೇ ತಿಂಗಳ ಒಂದು ಭಾನುವಾರ. ಬಳ್ಳಾರಿ ಬಿಸಿಲು ಗೊತ್ತಲ್ಲ, ಕಲ್ಲಿನ ಗುಡ್ಡ ಮಧ್ಯಾಹ್ನಕ್ಕೆ ಕಾದ ಹೆಂಚು. ಕಣ್ಣು ತೋರಿಸೋಕೆ ಅಂತ ಸಿರುಗುಪ್ಪದಿಂದ ಬಂದಿದ್ದ ಅಕ್ಕ ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದಳು. ಮೊಮ್ಮಗಳದು ಒಂದೇ ಹಟ, ಬೆಕ್ಕಿನ ಹೋಟೆಲ್‌ಗೆ ಹೋಗೋಣ ಅಂತ. ನಾನು, ನನ್ನ ಹೆಂಡತಿ, ಅಕ್ಕ, ಮಗ, ಮೊಮ್ಮಗಳು, ಐದು ಜನ ಹೋದೆವು. ಸೊಸೆ ತವರಿಗೆ ಹೋಗಿದ್ದಳು, ತಪ್ಪಿಸಿಕೊಂಡಳು.

ಯಂತ್ರ ನನ್ನ ಎದೆಮಟ್ಟ ಇದೆ. ನಾಲ್ಕು ಅಂತಸ್ತಿನ ಸಣ್ಣ ಕಪಾಟಿಗೆ ಗಾಲಿ ಹಾಕಿದ ಹಾಗೆ. ಮೇಲೆ ಒಂದು ಪರದೆ, ಅದರಲ್ಲಿ ಬೆಕ್ಕಿನ ಕಣ್ಣು, ಮೀಸೆ. ಪರದೆ ಮೇಲೆ ಎರಡು ಕಿವಿ. ಕಿವಿ ಸವರಿದರೆ ಕಣ್ಣು ಮುಚ್ಚಿ ಖುಷಿಪಡುತ್ತದೆ. ಜಾಸ್ತಿ ಸವರಿದರೆ ಮುಖ ಗಂಟಿಕ್ಕುತ್ತದೆ. ಮೊಮ್ಮಗಳು ಅದನ್ನು ಸಿಟ್ಟಿಗೆಬ್ಬಿಸಿ ನೋಡುವುದರಲ್ಲೇ ಊಟ ಮರೆತಳು. ಯಾವ ಕಂಪನಿಯದು ಅಂತ ಹಿಂದೆ ಬರೆದಿತ್ತೋ ಏನೋ, ಅಲ್ಲಿ ಹೋಟೆಲ್‌ನವರು ತಮ್ಮ ಸ್ಟಿಕ್ಕರ್ ಹಚ್ಚಿದ್ದಾರೆ. ಮೇಲೆ ಕುಂಕುಮದ ಬೊಟ್ಟು. ಕೆಳಗೆ, ಗಾಲಿಯ ಹತ್ತಿರ, ಆಯುಧಪೂಜೆಯಲ್ಲಿ ಲಾರಿಗೆ ಕಟ್ಟುತ್ತಾರಲ್ಲ, ಹಾಗೆ ಒಂದು ನಿಂಬೆಹಣ್ಣು. ಒಣಗಿ ಗೋಲಿಯಾಗಿತ್ತು.

ಮುಖ ಬೆಕ್ಕಿನದೇ ಯಾಕೆ ಅಂತ ನನಗೂ ಪ್ರಶ್ನೆ ಬಂತು. ಮಗ ಹೇಳಿದ. ಜಪಾನಿನ ಮಸಾಹಿರೊ ಮೋರಿ ಅನ್ನೋ ಪ್ರೊಫೆಸರ್ 1970ರಲ್ಲೇ ಬರೆದಿದ್ದರಂತೆ: ಯಂತ್ರ ಮನುಷ್ಯನ ಹಾಗೆ ಕಾಣುತ್ತಾ ಹೋದಷ್ಟೂ ಜನಕ್ಕೆ ಇಷ್ಟವಾಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನೋ ಹೊತ್ತಿಗೆ ಮೈ ಜುಮ್ ಅನ್ನುತ್ತದೆ. ಜಾತ್ರೆಯಲ್ಲಿ ಮೇಣದ ಗೊಂಬೆ ನೋಡಿದವರಿಗೆ ಇದು ಗೊತ್ತು. ಬೆಕ್ಕಾದರೆ ಆ ತೊಂದರೆ ಇಲ್ಲ. ಜಪಾನಿನ ಸ್ಕೈಲಾರ್ಕ್ ಅನ್ನೋ ದೊಡ್ಡ ಹೋಟೆಲ್ ಗುಂಪು ಇಂಥ ಬೆಕ್ಕಿನ ಮುಖದವನ್ನೇ ಸುಮಾರು 3,000 ತಂದು ಇಟ್ಟುಕೊಂಡಿದೆ.

ಸರಿ, ಊಟಕ್ಕೆ ಬರೋಣ. ನಾವು ಹೇಳಿದ್ದು ರೊಟ್ಟಿ ಊಟ. ಎಸಿ ಹಾಲ್‌ನಲ್ಲಿ 160 ರೂಪಾಯಿ, ಹೊರಗೆ ಅದೇ ಊಟ 120. ಆರ್ಡರ್ ತೆಗೆದುಕೊಂಡದ್ದು ಮನುಷ್ಯನೇ, ಕೈಯಲ್ಲಿ ಮೊಬೈಲ್ ಹಿಡಿದ ಒಬ್ಬ ಒಡಿಶಾ ಹುಡುಗ. ಒಳಗೆ ಅಡುಗೆಯವರು ತಟ್ಟೆ ಜೋಡಿಸಿ ಟೇಬಲ್ ನಂಬರ್ ಒತ್ತುತ್ತಾರೆ. ಬೆಕ್ಕು ಹೊರಡುತ್ತದೆ. ನಮ್ಮ ಟೇಬಲ್ ಪಕ್ಕ ಬಂದು ನಿಂತಿತು. ನಮ್ಮ ತಟ್ಟೆ ಇರುವ ಅಂತಸ್ತಿಗೆ ನೀಲಿ ಲೈಟು ಹತ್ತಿತು. ಒಂದು ಹುಡುಗಿಯ ದನಿ, "ನಿಮ್ಮ ಊಟ ಬಂದಿದೆ. ದಯವಿಟ್ಟು ತೆಗೆದುಕೊಳ್ಳಿ."

ಮೊದಲು ಇದು ಇಂಗ್ಲಿಷು, ಹಿಂದಿ ಮಾತಾಡುತ್ತಿತ್ತಂತೆ. ದಾರಿ ಬಿಡಿ ಅಂದರೂ ಯಾರೂ ಬಿಡುತ್ತಿರಲಿಲ್ಲವಂತೆ. ಆಮೇಲೆ ಮಾಲೀಕರು ಕಾಲೇಜಿಗೆ ಹೋಗುವ ತಮ್ಮ ಮಗಳ ದನಿಯಲ್ಲೇ ರೆಕಾರ್ಡ್ ಮಾಡಿಸಿ ಹಾಕಿಸಿದ್ದಾರೆ. "ಸ್ವಲ್ಪ ದಾರಿ ಬಿಡ್ರೀ" ಅಂತ ಬಂದರೆ ಈಗ ಎಲ್ಲರೂ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಪಕ್ಕದ ಟೇಬಲ್ ಹಿರಿಯರೊಬ್ಬರು, "ತಡಿಯವ್ವಾ, ಹೋಗಂತಿ" ಅಂತ ಕುರ್ಚಿ ಸರಿಸಿದ್ದನ್ನು ನಾನೇ ನೋಡಿದೆ. ಜನ ಯಂತ್ರವನ್ನು ಒಪ್ಪಿಕೊಳ್ಳುತ್ತಾರೋ ಇಲ್ಲವೋ ಅಂತ ಕೇಳುವವರು ಮೊದಲು ಈ "ಬಿಡ್ರೀ"ಯನ್ನು ಕೇಳಬೇಕು. "ಬಿಡಿ" ಅಂದಿದ್ದರೆ ಬೇರೆ ಊರಿನದಾಗುತ್ತಿತ್ತು.

ತೊಂದರೆ ಶುರುವಾಗೋದು ನೀಲಿ ಲೈಟು ಹತ್ತಿದ ಮೇಲೆ. ತಟ್ಟೆಯನ್ನು ನಾವೇ ಎತ್ತಿಕೊಳ್ಳಬೇಕು. ದೊಡ್ಡ ಸ್ಟೀಲ್ ತಟ್ಟೆ, ಅದರಲ್ಲಿ ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು, ಶೇಂಗಾ ಪುಡಿ, ಹೆಸರುಕಾಳು, ಎಲ್ಲಾ ಬಟ್ಟಲು ತುಂಬ. ಅಕ್ಕನಿಗೆ 70 ದಾಟಿದೆ, ಕೈ ನಡುಗುತ್ತದೆ. ಕೆಳಗಿನ ಅಂತಸ್ತಿನಿಂದ ಬಗ್ಗಿ ಎತ್ತಲು ಹೋದಳು. ಬಟ್ಟಲು ಜಾರಿ ಮೊಸರು ಸೀರೆ ಮೇಲೆ ಬಿತ್ತು. ಬೆಕ್ಕು ಅದೇ ನಗುಮುಖದಲ್ಲಿ ನೋಡುತ್ತಾ ನಿಂತಿತ್ತು. ಒಡಿಶಾ ಹುಡುಗ ಓಡಿ ಬಂದು, ಬಟ್ಟೆ ಕೊಟ್ಟು, "ಅಮ್ಮಾ ಪರವಾಗಿಲ್ಲ, ಪರವಾಗಿಲ್ಲ" ಅಂದ. ಅವನಿಗೆ ಬರುವ ಕನ್ನಡವೇ ಅಷ್ಟು. ಸಾಕಾಯಿತು.

ಆದರೆ ಅಕ್ಕ ಆಮೇಲೆ ಮನೆಯಲ್ಲಿ ಏನು ಹೇಳಿದಳು ಗೊತ್ತಾ? "ತಮ್ಮಾ, ಬೆಕ್ಕಿನ ಮುಂದ ಚೆಲ್ಲಿದ್ದಕ್ಕ ನನಗ ನಾಚಿಕಿ ಆಗ್ಲಿಲ್ಲ. ಆ ಹುಡುಗ ಓಡಿ ಬಂದ ನೋಡು, ಆವಾಗ ಆತು." ನಾನು ಸುಮ್ಮನಾದೆ. ನಾನು ಅದನ್ನು ಯಂತ್ರದ ದೋಷದ ಲೆಕ್ಕಕ್ಕೆ ಬರೆದುಕೊಂಡಿದ್ದೆ, ಅವಳು ಗುಣದ ಲೆಕ್ಕಕ್ಕೆ ಬರೆದಿದ್ದಳು.

ಇನ್ನು ರೊಟ್ಟಿ. ಇದು ನನ್ನ ದೊಡ್ಡ ತಕರಾರು. ಜೋಳದ ರೊಟ್ಟಿ ಊಟ ಅಂದರೆ ಒಂದೊಂದೇ ಬರಬೇಕು. ಬಡಿಯುವ ಸದ್ದು ನಿಂತ ಕೂಡಲೇ, ಉಬ್ಬಿದ್ದು ಉಬ್ಬಿದ ಹಾಗೆ ತಟ್ಟೆಗೆ ಬೀಳಬೇಕು. ಬೆಕ್ಕು ಒಂದು ರೊಟ್ಟಿಗಾಗಿ ಬರುವುದಿಲ್ಲ. ಅಂತಸ್ತು ತುಂಬುವವರೆಗೆ ಒಳಗೆ ಕಾಯುತ್ತದೆ. ಐದು ಜನರದ್ದೂ ಒಟ್ಟಿಗೆ, ತಲಾ ಮೂರರಂತೆ ಬಂತು. ಮೊದಲನೆಯದು ಚೆನ್ನಾಗಿತ್ತು. ಎರಡನೆಯದು ಪರವಾಗಿಲ್ಲ. ಮೂರನೆಯದು ಎಸಿ ಗಾಳಿಗೆ ಹಪ್ಪಳವಾಗಿತ್ತು. ಎಣ್ಣೆಗಾಯಿ ಮಾತ್ರ ಬಹಳ ರುಚಿ, ಶೇಂಗಾ ಸರಿಯಾಗಿ ಹುರಿದಿದ್ದರು. ಅದಕ್ಕೇ ಹೊಟ್ಟೆ ಉರಿಯಿತು.

ಹೊರಗಿನ ಸಾದಾ ಹಾಲ್‌ಗೆ ಬೆಕ್ಕು ಹೋಗಲ್ಲ. ಮಧ್ಯೆ ಎರಡು ಇಂಚಿನ ಹೊಸ್ತಿಲು ಇದೆ, ಅದಕ್ಕೆ ದಾಟಲು ಆಗಲ್ಲ. ಅಲ್ಲಿ 120 ರೂಪಾಯಿ ಕೊಟ್ಟವರಿಗೆ ಸಪ್ಲೈಯರ್ ಬಿಸಿ ರೊಟ್ಟಿ ಒಂದೊಂದೇ ತಂದು, "ಇನ್ನೊಂದು ಹಾಕ್ಲೇನ್ರೀ" ಅಂತ ಕೇಳುತ್ತಾನೆ. ಗಾಜಿನ ಬಾಗಿಲಲ್ಲಿ ಅದು ಕಾಣುತ್ತಿತ್ತು. ನಾವು 40 ರೂಪಾಯಿ ಜಾಸ್ತಿ ಕೊಟ್ಟು ತಣ್ಣಗಿನದು ತಿಂದೆವು.

ನೂಡಲ್ಸು, ಬಿರಿಯಾನಿ, ಗೋಬಿ ಮಂಚೂರಿ ತರಿಸಿದವರಿಗೆ ಯಾವ ತೊಂದರೆಯೂ ಇರಲಿಲ್ಲ. ಒಂದು ಪ್ಲೇಟು, ಒಂದೇ ಸಲ, ಮುಗಿಯಿತು. ಹುಡುಗರು ವಿಡಿಯೋ ಮಾಡಿಕೊಂಡರು, ಎತ್ತಿಕೊಂಡರು, ತಿಂದರು. ಮತ್ತೆ ಮತ್ತೆ ಬಡಿಸಬೇಕಾದ ಊಟಕ್ಕೆ ಮಾತ್ರ ಇದು ಆಗಿಬರಲ್ಲ.

ಓಡಾಟದ ವಿಷಯದಲ್ಲಿ ನಾನು ಪೂರ್ತಿ ಅಂಕ ಕೊಡುತ್ತೇನೆ. ಕುರ್ಚಿ ಅಡ್ಡ ಇಟ್ಟರೆ ನಿಲ್ಲುತ್ತದೆ, ಯೋಚಿಸಿದ ಹಾಗೆ ಮಾಡಿ ಬೇರೆ ದಾರಿ ಹಿಡಿಯುತ್ತದೆ. ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೆನ್ಸರ್ ರಿಪೇರಿ ಕೆಲಸದಲ್ಲಿದ್ದಾನೆ. ಅವನಿಗೆ ಊಟಕ್ಕಿಂತ ಇದೇ ರುಚಿ. ಕೆಳಗೆ ಒಂದು ಲೇಸರ್ ಇರುತ್ತದೆ. ಅದು ಸುತ್ತಲೂ ಬೆಳಕು ಬಿಟ್ಟು, ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನೋದರ ಮೇಲೆ ಯಾವುದು ಎಷ್ಟು ದೂರ ಅಂತ ಅಳೆಯುತ್ತದೆ. ಮೊದಲ ದಿನ ಯಂತ್ರವನ್ನು ಹಾಲ್ ತುಂಬ ಓಡಾಡಿಸಿ ನಕ್ಷೆ ಮಾಡಿಸುತ್ತಾರೆ. ಆಮೇಲೆ ಅದೇ ನಕ್ಷೆ ಹಿಡಿದು ತಿರುಗುತ್ತದೆ. ಗಾಜು, ಕನ್ನಡಿ ಇದಕ್ಕೆ ಶತ್ರು. ಗಾಜಿನಲ್ಲಿ ಬೆಳಕು ದಾಟಿಹೋಗುತ್ತದೆ, ಕನ್ನಡಿಯಲ್ಲಿ ಬೇರೆ ಕಡೆ ಚಿಮ್ಮುತ್ತದೆ. "ಅಪ್ಪಾ, ಆ ಕಂಬ ನೋಡು" ಅಂದ. ಹಾಲ್ ಮಧ್ಯದ ಕನ್ನಡಿ ಕಂಬಕ್ಕೆ ಮೊಣಕಾಲೆತ್ತರದಲ್ಲಿ ಸುತ್ತಲೂ ಬಿಳಿ ಕಾಗದ ಅಂಟಿಸಿದ್ದರು. ಏನೋ ಅಲಂಕಾರ ಅಂದುಕೊಂಡಿದ್ದೆ. ಬೆಕ್ಕಿಗೆ ಕಂಬ ಕಾಣಲಿ ಅಂತ ಮಾಡಿದ ಉಪಾಯ ಅದು.

ನಾವು ಮಜ್ಜಿಗೆ ಕುಡಿಯುವಾಗ ಕರೆಂಟ್ ಹೋಯಿತು. ಜನರೇಟರ್ ಹತ್ತುವವರೆಗೆ ಕತ್ತಲೆ. ಕತ್ತಲಲ್ಲಿ ಬೆಕ್ಕಿನ ಮುಖ ಒಂದೇ ಬೆಳಗುತ್ತಿತ್ತು, ಅದಕ್ಕೆ ಬ್ಯಾಟರಿ ಇದೆ. ಆದರೆ ವೈಫೈ ಹೋಗಿ ಒಳಗಿನ ಕರೆ ಮುಟ್ಟದೆ ದಾರಿ ಮಧ್ಯೆ ನಿಂತುಬಿಟ್ಟಿತು. ಹಿಂದೆ ಬಿಲ್ ಕೊಡಲು ಹೊರಟವರು ನಾಲ್ಕು ಜನ ಸಾಲುಗಟ್ಟಿದರು. ಯಾರೂ ಬೈಯಲಿಲ್ಲ. ಒಬ್ಬ ಮಾತ್ರ, "ನಮ್ಮ ಸಿಟಿ ಬಸ್ ಇದ್ದಂಗ ಐತಿ" ಅಂದ.

ಹೊರಡುವಾಗ ಅಕ್ಕ ಬೆಕ್ಕಿನ ಮೇಲಿನ ಅಂತಸ್ತಿನಲ್ಲಿ ಹತ್ತು ರೂಪಾಯಿ ಇಟ್ಟಳು. ಮೊಸರು ಚೆಲ್ಲಿಸಿಕೊಂಡವಳೇ ಟಿಪ್ಸ್ ಕೊಟ್ಟಿದ್ದು. ಅದು ಯಾರಿಗೆ ಹೋಗುತ್ತದೆ ಅಂತ ಹುಡುಗನನ್ನು ಕೇಳಿದೆ. ಒಳಗೆ ತಟ್ಟೆ ಜೋಡಿಸುವವನಿಗಂತೆ. ಹಾಲ್‌ನಲ್ಲಿ ಓಡಾಡುವ ಇವನಿಗೆ ಮೊದಲಿಗಿಂತ ಕಡಿಮೆಯಾಗಿದೆ ಅಂದ. 2014ರಲ್ಲಿ ಅಮೆರಿಕದ ಕ್ಯೂಪರ್ಟಿನೊ ಊರಿನ ಅಲಾಫ್ಟ್ ಹೋಟೆಲ್‌ನಲ್ಲಿ ರೂಮಿಗೆ ಟವೆಲ್ಲು, ಬ್ರಷ್ಷು ತಂದುಕೊಡುವ ರೋಬೋ ಇಟ್ಟಾಗ ಅದು ಟಿಪ್ಸ್ ಬದಲು ಟ್ವೀಟ್ ಕೇಳುತ್ತಿತ್ತು. ನಮ್ಮ ಅಕ್ಕನ ಹತ್ತಿರ ಟ್ವಿಟರ್ ಇಲ್ಲ, ಹತ್ತು ರೂಪಾಯಿ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ, ಮಗನ ಫೋನ್ ಇಸಿದುಕೊಂಡು ಓದುತ್ತಾ ಕೂತೆ. ಜಪಾನಿನ ನಾಗಸಾಕಿ ಹತ್ತಿರ ಹೆನ್ ನಾ ಹೋಟೆಲ್ ಅಂತ ಒಂದಿದೆ. 2015ರಲ್ಲಿ ಶುರುವಾಯಿತು, ರೋಬೋಗಳೇ ನಡೆಸುವ ಮೊದಲ ಹೋಟೆಲ್ ಅಂತ ಗಿನ್ನೆಸ್‌ನವರೂ ಒಪ್ಪಿದರು. ಕೌಂಟರ್‌ನಲ್ಲಿ ಡೈನೋಸಾರ್ ಕೂತು ಚೆಕ್ ಇನ್ ಮಾಡಿಸುತ್ತಿತ್ತು. ರೂಮಿನಲ್ಲಿ ಹಾಸಿಗೆ ಪಕ್ಕ ಮಾತಾಡುವ ಗೊಂಬೆ. ಒಬ್ಬ ಗಿರಾಕಿ ಗೊರಕೆ ಹೊಡೆದರೆ ಗೊಂಬೆ ಅದನ್ನು ಮಾತು ಅಂದುಕೊಂಡು, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಅಂತ ರಾತ್ರಿಯೆಲ್ಲ ಎಬ್ಬಿಸುತ್ತಿತ್ತಂತೆ. ಪಕ್ಕದ ಕೋಣೆಯಲ್ಲಿ ಅಕ್ಕನ ಗೊರಕೆ ಕೇಳುತ್ತಿತ್ತು. ಆ ಗೊಂಬೆ ನಮ್ಮ ಮನೆಯಲ್ಲಿ ಒಂದು ರಾತ್ರಿಗೇ ಸುಟ್ಟುಹೋಗುತ್ತಿತ್ತು. 2019ರಲ್ಲಿ ಆ ಹೋಟೆಲ್‌ನವರು 243 ರೋಬೋಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದುಬಿಟ್ಟರು ಅಂತ ಸುದ್ದಿಯಾಯಿತು. ಕೆಲಸ ಕಡಿಮೆ ಮಾಡುವ ಬದಲು ಅವನ್ನು ನೋಡಿಕೊಳ್ಳೋದೇ ಕೆಲಸವಾಗಿತ್ತು. ಅದೇ ವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ ರೋಬೋ ಬಡಿಸುವ ಹೋಟೆಲ್ ಶುರುವಾಯಿತು. ಒಂದು ಕಡೆ ಕಳಿಸುತ್ತಾರೆ, ಇನ್ನೊಂದು ಕಡೆ ಕರೆಸುತ್ತಾರೆ.

ಇದನ್ನೆಲ್ಲ ಓದಿದರೂ ನನ್ನ ತಲೆಯಲ್ಲಿ ಕೂತಿದ್ದು ಬೇರೆಯೇ. ಊಟದ ಹೊತ್ತಲ್ಲಿ ಒಂದು ನೋಟ ಕಂಡಿದ್ದೆ. ಬೆಕ್ಕು ನಮ್ಮ ತಟ್ಟೆ ಕೊಟ್ಟು ಅಡುಗೆಮನೆ ಕಡೆ ತಿರುಗಿತು. ನಾಲ್ಕೂ ಅಂತಸ್ತು ಖಾಲಿ. ಅದರ ಪಕ್ಕದಲ್ಲೇ ಒಬ್ಬ ಕ್ಲೀನರ್ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಎಂಜಲು ತಟ್ಟೆ ತುಂಬಿಕೊಂಡು ಸೊಂಟಕ್ಕೆ ಒತ್ತಿ ಹಿಡಿದು ಹೋಗುತ್ತಿದ್ದ. ಸೊಂಟ ಒಂದು ಕಡೆ ವಾಲಿತ್ತು. ಆ ವಾಲುವಿಕೆ ನನಗೆ ಗೊತ್ತು. ಎರಡು ವರ್ಷ ನಾನೂ ಹಾಗೇ ನಡೆದವನು. ಅಂಗಿಯ ಎಡಭಾಗ ಯಾವಾಗಲೂ ಸಾಂಬಾರ್ ಬಣ್ಣ. ಮಧ್ಯೆ ಹಾಯುವಾಗ ಹೆಂಗಸರು ಸೆರಗು ಎಳೆದುಕೊಳ್ಳುತ್ತಿದ್ದರು, ಮಕ್ಕಳನ್ನು ಆಚೆ ಸರಿಸುತ್ತಿದ್ದರು. ಬೆಕ್ಕಿಗೆ ದಾರಿ ಬಿಡುವಾಗ ನಗುತ್ತಿದ್ದ ಜನ ಆ ಹುಡುಗನಿಗೆ ಬಿಡುವಾಗ ನಗಲಿಲ್ಲ.

ಇಬ್ಬರೂ ಒಂದೇ ಬಾಗಿಲಲ್ಲಿ ಒಳಗೆ ಹೋದರು. ಗಾಲಿ ಇದ್ದದ್ದು ಖಾಲಿ, ಗಾಲಿ ಇಲ್ಲದವನ ಮೇಲೆ ಭಾರ.

ಮಾಲೀಕರು ನನಗೆ ಗುರುತು. ಮಾರನೇ ವಾರ ಹೋಗಿ ಗಲ್ಲಾ ಹತ್ತಿರ ನಿಂತು ಕೇಳಿದೆ. "ಏನಪಾ, ಬರೋವಾಗ ಊಟ ತರ್ತದ, ಸರಿ. ಹೋಗೋವಾಗ ಎಂಜಲ ಒಯ್ಯಾಕ ಏನು ಕಷ್ಟ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅಣ್ಣಾ, ನಾನೂ ಅದನ್ನ ಅಂದ್ಕೊಂಡೇ ತಂದಿದ್ದು. ಹುಡುಗ್ರು ಸಿಗಂಗಿಲ್ಲ. ಹೋಳಿ ಹಬ್ಬಕ್ಕ ಊರಿಗೆ ಹೋಗ್ತೀನಿ ಅಂತ ಹೋದೋರು ಬರಂಗೇ ಇಲ್ಲ. ಆದ್ರ ಒಂದೇ ದಿನ ಇಟ್ಟೆ. ಮೂರು ಟೇಬಲ್ ಎದ್ದು ಹೋದ್ವು. ಎಂಜಲ ಹೊತ್ತಿದ್ದರಾಗ ನಮಗ ಊಟ ತರ್ತೀರೇನು ಅಂತ."

"ಒರೆಸಿ ತಂದ್ರ?"

"ಒರೆಸಿದ್ದು ಅವರಿಗೆ ಕಾಣಂಗಿಲ್ಲ. ಒಯ್ದಿದ್ದು ಕಾಣ್ತದ."

ನನಗೆ ಸಿಟ್ಟು ಬಂತು. ನಾನು ಕ್ಲೀನರ್ ಆಗಿದ್ದಾಗ ಎಂಜಲು ಎತ್ತಿದ ಕೈಯಲ್ಲಿ ನೀರಿನ ಲೋಟ ಇಡಬಾರದು ಅಂತ ಕಟ್ಟುನಿಟ್ಟಿತ್ತು. ಸಪ್ಲೈಯರ್ ಬೇರೆ, ಕ್ಲೀನರ್ ಬೇರೆ, ಉಣ್ಣಲು ಕೂರುವ ಜಾಗವೂ ಬೇರೆ. ಈಗ ಆ ಮಡಿಯನ್ನು ಯಂತ್ರಕ್ಕೂ ಹಚ್ಚಿದ್ದಾರೆ. ಅದಕ್ಕೆ ಜಾತಿ ಇಲ್ಲ, ಬೆವರಿಲ್ಲ, ಉಗುರಿಲ್ಲ. ಆದರೂ ಬಡಿಸುವ ಜಾತಿ, ಎತ್ತುವ ಜಾತಿ ಅಂತ ಆಗಿಹೋಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ನನ್ನ ಕಡೆ ಮಾತಾಡುತ್ತಾಳೆ ಅಂತ. "ನಾನೂ ಎದ್ದು ಬರ್ತಿದ್ದೆ ರೀ" ಅಂದಳು. "ಎಂಜಲದ ಮ್ಯಾಲ ಅನ್ನದ ತಾಟು ಯಾರು ಇಡ್ತಾರ? ನಮ್ಮ ಮನ್ಯಾಗ ಇಡ್ತೀನೇನು?" ಮುಸುರೆ ಬುಟ್ಟಿಯಲ್ಲಿ ಅನ್ನದ ಪಾತ್ರೆ ಇಡುವವರು ಯಾರೂ ಇಲ್ಲ, ಅದು ನಿಜವೇ. ನಾನು ವಾದ ಮಾಡಲಿಲ್ಲ. ಎರಡು ಬೆಕ್ಕು ಬೇಕು, ಒಂದು ತರುವುದಕ್ಕೆ, ಒಂದು ಒಯ್ಯುವುದಕ್ಕೆ. ಒಂದೇ ಕೊಳ್ಳುವ ಶಕ್ತಿ ಇದ್ದರೆ ಒಯ್ಯುವುದನ್ನೇ ಕೊಳ್ಳಿ ಅಂತ ನನ್ನ ಮಾತು. ರೊಟ್ಟಿಯನ್ನು ಮನುಷ್ಯ ತರಲಿ, ಇನ್ನೊಂದು ಹಾಕ್ಲೇನ್ರೀ ಅನ್ನಲಿ, ಟಿಪ್ಸ್ ತಗೊಳ್ಳಲಿ. ಆ ಟಬ್ಬು ಮಾತ್ರ ಯಾರ ಸೊಂಟದ ಮೇಲೂ ಬೇಡ.

ಮಾಲೀಕರಿಗೂ ಹೀಗೇ ಹೇಳಿದ್ದೆ. ಅವರು ನಕ್ಕು, "ನಾಳೆ ಸಂಜೆ ನಾಲ್ಕಕ್ಕ ಬರ್ರಿ ಅಣ್ಣಾ, ಚಾ ಕುಡಿಯಾಣ" ಅಂದಿದ್ದರು.

ಹೋದೆ. ಮಧ್ಯಾಹ್ನದ ಗಿರಾಕಿ ಮುಗಿದು ಎಸಿ ಹಾಲ್ ಬಂದ್ ಆಗಿತ್ತು. ಗಾಜಿನ ಬಾಗಿಲಿಗೆ ಒಳಗಿಂದ ಪರದೆ ಎಳೆದಿದ್ದರು. ಪಕ್ಕದ ಸಣ್ಣ ಬಾಗಿಲಿಂದ ನನ್ನನ್ನು ಒಳಗೆ ಬಿಟ್ಟರು. ಟೇಬಲ್‌ಗಳ ಮೇಲೆ ಕೊನೆಯ ಪಂಕ್ತಿಯ ಎಂಜಲು ಹಾಗೇ ಇತ್ತು. ಕ್ಲೀನರ್ ಹುಡುಗ ಒಂದೊಂದೇ ತಟ್ಟೆ ಎತ್ತಿ ಬೆಕ್ಕಿನ ಅಂತಸ್ತಿನಲ್ಲಿ ಜೋಡಿಸುತ್ತಿದ್ದ. ಅಂತಸ್ತಿಗೆ ಹಳೇ ಪೇಪರ್ ಹಾಸಿದ್ದರು. ನಾಲ್ಕೂ ತುಂಬಿದ ಮೇಲೆ ಬಟನ್ ಒತ್ತಿದ. ಬೆಕ್ಕು ಹೊರಟಿತು. ಹುಡುಗ ಅದರ ಹಿಂದೆ ಕೈ ಬೀಸಿಕೊಂಡು ನಡೆದ. ನಾನು ಅವನ ಸೊಂಟ ನೋಡಿದೆ, ನೆಟ್ಟಗಿತ್ತು. ಏಳಕ್ಕೆ ಹಾಲ್ ತೆರೆಯುವ ಮೊದಲು ಬಿಸಿನೀರು, ಸೋಪು ಹಾಕಿ ಎರಡು ಸಲ ಒರೆಸುತ್ತಾರಂತೆ. ನಾನು ತಿಂದ ಎಷ್ಟೋ ಹೋಟೆಲ್ ಟೇಬಲ್‌ಗಿಂತ ಅದು ಚೊಕ್ಕಟ. ಆದರೂ ಹೆಸರು ಬರೆದರೆ ಮೂರು ಟೇಬಲ್ ಅಲ್ಲ, ಹಾಲೇ ಎದ್ದುಹೋದೀತು.

ಅಡುಗೆಮನೆ ಹಿಂದೆ ಮುಸುರೆ ತಿಕ್ಕುವ ಜಾಗ. ಅಲ್ಲಿ ಒಬ್ಬ ಅಮ್ಮ ಕೂತಿದ್ದರು, ಸೀರೆ ಎತ್ತಿ ಕಟ್ಟಿ. ಬೆಕ್ಕು ಹೋಗಿ ಅವರ ಮುಂದೆ ನಿಂತಿತು. ದನಿ ಬದಲಿಸುವುದು ಇವರಿಗೆ ಗೊತ್ತಿಲ್ಲ, ಅದಕ್ಕೆ ಬರುವುದು ಅದೊಂದೇ ಪಾಠ. ನೀಲಿ ಲೈಟು ಹತ್ತಿತು.

"ನಿಮ್ಮ ಊಟ ಬಂದಿದೆ. ದಯವಿಟ್ಟು ತೆಗೆದುಕೊಳ್ಳಿ."

"ಬಂದ್ಯಾ, ಬಾರವ್ವಾ" ಅಂದರು ಆ ಅಮ್ಮ, ಮೊದಲ ತಟ್ಟೆ ಎತ್ತಿಕೊಳ್ಳುತ್ತಾ. "ಎಲ್ಲಾರೂ ಉಂಡು ಉಳಿಸಿದ್ದು ನನಗ ತಂದೀ."